ಹುಣಸಗಿ ಕಣಿವೆಯ ಹಳೆ ಶಿಲಾಯುಗದ ನೆಲೆಗಳು

ಹುಣಸಗಿ–ಬೈಚಬಾಳ ಕಣಿವೆಯು ಯಾದಗಿರಿ ಜಿಲ್ಲೆಯಲ್ಲಿ, ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ಸುರಪುರ ಸೀಮೆಯಲ್ಲಿರುವ ಒಣ ಬಯಲು. ಸುಮಾರು 500 ಚದರ ಕಿಲೋಮೀಟರ್ ವಿಸ್ತಾರದ ಈ ಪ್ರದೇಶದಲ್ಲಿ ಅಷೂಲಿಯನ್ ಸಂಸ್ಕೃತಿಗೆ ಸೇರಿದ ಇನ್ನೂರರಷ್ಟು ನೆಲೆಗಳು ಪತ್ತೆಯಾಗಿವೆ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞ ಕೆ. ಪದ್ದಯ್ಯ ಅವರು ಇಲ್ಲಿ ದಶಕಗಳ ಕಾಲ ಅನ್ವೇಷಣೆ ನಡೆಸಿದರು.

== ನೀರು ಮತ್ತು ವಲಸೆ ==

ಕಣಿವೆಯ ನೆಲ ಬಹುಪಾಲು ಗ್ರಾನೈಟ್; ಅಂಚಿನಲ್ಲಿ ಸುಣ್ಣಕಲ್ಲಿನ ದಿಣ್ಣೆಗಳಿವೆ. ಮಳೆ ನಿಂತ ಕೆಲವೇ ತಿಂಗಳಲ್ಲಿ ಹಳ್ಳಗಳು ಬತ್ತುತ್ತವೆಯಾದರೂ ಬಂಡೆಯ ಸಂದುಗಳಿಂದ ಜಿನುಗುವ ಒರತೆಗಳು ಕೆಲವೆಡೆ ಬೇಸಿಗೆಯಲ್ಲೂ ನೀರು ಉಳಿಸುತ್ತವೆ. ಪದ್ದಯ್ಯನವರ ವಿವರಣೆಯಂತೆ, ಮಳೆಗಾಲದಲ್ಲಿ ಚಿಕ್ಕ ಗುಂಪುಗಳಾಗಿ ಬಯಲಿನುದ್ದಕ್ಕೂ ಚದುರುತ್ತಿದ್ದ ಜನರು ಬೇಸಿಗೆಯಲ್ಲಿ ಇಂತಹ ಒರತೆಗಳ ಬಳಿ ಒಟ್ಟುಗೂಡುತ್ತಿದ್ದರು. ಹುಣಸಗಿ ಮತ್ತು ಇಸಾಂಪುರಗಳ ಸುತ್ತ ನೆಲೆಗಳು ದಟ್ಟವಾಗಿರುವುದು ಇದಕ್ಕೆ ಆಧಾರ.

== ಇಸಾಂಪುರ ==

ಕಣಿವೆಯ ಅತಿ ಮಹತ್ವದ ನೆಲೆ ಇಸಾಂಪುರ. ನೀರಾವರಿ ಕಾಮಗಾರಿಗಾಗಿ ಮಣ್ಣು ತೆಗೆದಾಗ ಇದು ಬೆಳಕಿಗೆ ಬಂತು. 1990ರ ದಶಕದ ಕೊನೆಯಲ್ಲಿ ಉತ್ಖನನ ಆರಂಭವಾಯಿತು. ಇಲ್ಲಿ ಸುಣ್ಣಕಲ್ಲಿನ ಹಾಸುಗಳು ನೆಲದಲ್ಲಿಯೇ ಚಪ್ಪಡಿಗಳಾಗಿ ಬಿರಿದಿವೆ. ಜನರು ತಕ್ಕ ದಪ್ಪದ ಚಪ್ಪಡಿಯನ್ನು ಎಬ್ಬಿಸಿ, ಬಸಾಲ್ಟ್ ಮುಂತಾದ ಗಟ್ಟಿ ಕಲ್ಲಿನ ಗುಂಡುಗಳಿಂದ ಅಂಚನ್ನು ಹೊಡೆದು ಕೈಗೊಡಲಿ, ಅಗಲ ಬಾಯಿಯ ಕೊಡಲಿ ಮತ್ತು ಹೆರೆಯುವ ಸಾಧನಗಳನ್ನು ಮಾಡುತ್ತಿದ್ದರು. ಬಡಿಗಲ್ಲು, ಅರೆಬರೆ ಕೆತ್ತಿದ ಚಪ್ಪಡಿ, ಉದುರಿದ ಚಕ್ಕೆ, ಮುಗಿದ ಆಯುಧ ಎಲ್ಲವೂ ಒಂದೇ ಕಡೆ ದೊರೆತಿರುವುದರಿಂದ ತಯಾರಿಕೆಯ ಹಂತಗಳನ್ನು ಕ್ರಮವಾಗಿ ಗುರುತಿಸಬಹುದು. ಹೊಳೆಯ ಪ್ರವಾಹ ಕೊಚ್ಚಿತಂದ ಕಲ್ಲಾಯುಧಗಳೇ ಹೆಚ್ಚಾಗಿ ಸಿಗುವ ಭಾರತದಲ್ಲಿ ಇದು ಅಪರೂಪ.

ಇಲ್ಲಿ ದೊರೆತ ಪ್ರಾಣಿಗಳ ಹಲ್ಲಿನ ಎನಾಮೆಲ್ ಅನ್ನು ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ವಿಧಾನದಿಂದ ಪರೀಕ್ಷಿಸಿದಾಗ ಸುಮಾರು 12 ಲಕ್ಷ ವರ್ಷಗಳ ಪ್ರಾಚೀನತೆ ಕಂಡುಬಂತು. ಪರೀಕ್ಷಿಸಿದ ಹಲ್ಲುಗಳು ಕೆಲವೇ ಆದ್ದರಿಂದ ಈ ಕಾಲಮಾನವನ್ನು ಎಚ್ಚರದಿಂದಲೇ ಬಳಸಬೇಕು. ಆದರೆ ಚೆನ್ನೈ ಸಮೀಪದ ಅತ್ತಿರಂಪಾಕ್ಕಂನ ಅಷೂಲಿಯನ್ ಪದರಗಳಿಗೆ 2011ರಲ್ಲಿ ಸುಮಾರು 15 ಲಕ್ಷ ವರ್ಷಗಳ ಕಾಲಮಾನ ಪ್ರಕಟವಾದ ಮೇಲೆ ಇದು ಅಸಂಭವವೆನಿಸದು.

== ಬೇಟೆಗಾರರೇ? ==

ಈ ಜನರನ್ನು ವಾಡಿಕೆಯಂತೆ ಬೇಟೆಗಾರರೆನ್ನುತ್ತಾರೆ. ಕಾಡುದನದಂತಹ ಪ್ರಾಣಿಗಳ ಅವಶೇಷಗಳು ದೊರೆತಿವೆ ನಿಜ. ಆದರೆ ಅವು ಕೊಂದು ತಂದವೋ, ಸತ್ತುಬಿದ್ದವೋ ಎಂಬುದನ್ನು ಎಲುಬಿನ ಇರುವಿಕೆಯೊಂದೇ ಹೇಳಲಾರದು. ಹಣ್ಣು, ಗೆಡ್ಡೆ, ಬೀಜಗಳು ಮಣ್ಣಿನಲ್ಲಿ ಉಳಿಯುವುದಿಲ್ಲವಾದ್ದರಿಂದ ಸಸ್ಯಾಹಾರದ ಪಾಲು ಲೆಕ್ಕಕ್ಕೆ ಬರದೆ ಹೋಗುತ್ತದೆ. ಪದ್ದಯ್ಯನವರು ಸುತ್ತಲಿನ ಕಾಡು ಸಸ್ಯಗಳನ್ನೂ ಅಧ್ಯಯನಕ್ಕೆ ಸೇರಿಸಿಕೊಂಡದ್ದು ಈ ಕೊರತೆಯನ್ನು ತುಂಬಲೆಂದೇ.

== ಇಂದಿನ ಸ್ಥಿತಿ ==

ನಾರಾಯಣಪುರ ಜಲಾಶಯದ ಕಾಲುವೆ ನೀರು ಬಂದ ಮೇಲೆ ಸುರಪುರ ಸೀಮೆಯ ಒಣ ಹೊಲಗಳು ಗದ್ದೆಗಳಾಗುತ್ತ ಬಂದಿವೆ. ನೆಲ ಸಮತಟ್ಟು ಮಾಡುವಾಗ ಕಲ್ಲಾಯುಧಗಳು ತಮ್ಮ ಮೂಲ ಜಾಗದಿಂದ ಕದಲುತ್ತವೆ. ಒಮ್ಮೆ ಕದಲಿದ ಆಯುಧದಿಂದ ಅದರ ಆಕಾರವನ್ನಷ್ಟೇ ತಿಳಿಯಬಹುದು, ಅದು ಬಳಕೆಯಾದ ನೆಲೆಯನ್ನಲ್ಲ.