ಪಟ್ಟೆಗರಿಯ ಕೋಳಿ: ಒಂದು ‘ದೋಷ’ದ ಆನುವಂಶಿಕ ಚರಿತ್ರೆ

ಬಾರ್ಡ್ ಪ್ಲಿಮತ್ ರಾಕ್ ಎಂಬ ಅಮೆರಿಕದ ಕೋಳಿತಳಿ 1874ರಲ್ಲಿ ಅಲ್ಲಿನ ತಳಿಗಳ ಅಧಿಕೃತ ಪಟ್ಟಿಗೆ ಸೇರಿತು. ಅದರ ಪ್ರತಿ ಗರಿಯ ಮೇಲೂ ಕಪ್ಪು ಬಿಳಿ ಅಡ್ಡಪಟ್ಟೆ. ಹುಂಜವೂ ಹೇಂಟೆಯೂ ಒಂದೇ ಛಾಯೆಯವಾಗಿರಬೇಕೆಂದು ಪ್ರದರ್ಶನದ ತೀರ್ಪುಗಾರರು ಬಯಸುತ್ತಿದ್ದರು. ಆದರೆ ಒಂದೇ ಜೋಡಿಗೆ ಹುಟ್ಟಿದ ಮರಿಗಳು ಬೆಳೆದಾಗ ಹುಂಜಗಳು ತಿಳಿಬಣ್ಣಕ್ಕೆ ತಿರುಗುತ್ತಿದ್ದವು, ಹೇಂಟೆಗಳು ಗಾಢವಾಗಿಯೇ ಉಳಿಯುತ್ತಿದ್ದವು. ಸಾಕಣೆದಾರರು ಕಂಡುಕೊಂಡ ಉಪಾಯ ದುಬಾರಿಯದು: ಪ್ರದರ್ಶನದ ಹುಂಜಗಳಿಗೆಂದೇ ಒಂದು ವಂಶ, ಹೇಂಟೆಗಳಿಗೆಂದೇ ಇನ್ನೊಂದು. ಗರಿಬಣ್ಣದ ಆನುವಂಶಿಕತೆಯ ಚರಿತ್ರೆಯನ್ನು ಕೇಂಬ್ರಿಜ್‌ನಿಂದ ಆರಂಭಿಸುವುದು ವಾಡಿಕೆ. ಸಾಕಣೆದಾರರು ತಲೆಮಾರುಗಳ ಕಾಲ ಅಳಿಸಲು ಹೆಣಗಿದ ಈ ವ್ಯತ್ಯಾಸದಿಂದ ಅದನ್ನು ಆರಂಭಿಸಬೇಕೆಂಬುದು ನನ್ನ ವಾದ.

ಇಂಥ ಇನ್ನೊಂದು ಒಗಟು ಬೂದುನೀಲಿ ಬಣ್ಣದ ಆಂಡಲೂಸಿಯನ್ ಕೋಳಿಯದು. ನೀಲಿಗೆ ನೀಲಿಯನ್ನೇ ಕೂಡಿಸಿದರೂ ಕಪ್ಪು ಮರಿಗಳೂ ಮಚ್ಚೆಯ ಬಿಳಿ ಮರಿಗಳೂ ಹುಟ್ಟುತ್ತಲೇ ಇದ್ದವು. ಅವನ್ನು ಎಷ್ಟು ಆರಿಸಿ ತೆಗೆದರೂ ವಂಶ ‘ಶುದ್ಧ’ವಾಗಲಿಲ್ಲ. ಆನುವಂಶಿಕತೆಯ ಕುರಿತ ಮೆಂಡೆಲ್‌ನ ನಿಯಮಗಳು ಪ್ರಾಣಿಗಳಿಗೂ ಅನ್ವಯಿಸುತ್ತವೆಂದು ಕೇಂಬ್ರಿಜ್‌ನ ವಿಲಿಯಂ ಬೇಟ್ಸನ್ 1902ರಲ್ಲಿ ಕೋಳಿಗಳನ್ನೇ ಇಟ್ಟುಕೊಂಡು ತೋರಿಸಿದರು. ಆ ಬೆಳಕಿನಲ್ಲಿ ಆಂಡಲೂಸಿಯನ್ ಒಗಟೂ ಬಿಡಿಸಿಕೊಂಡಿತು. ನೀಲಿಯೆಂಬುದು ಎರಡು ಭಿನ್ನ ವಂಶಾಂಶಗಳು ಜೊತೆಗೂಡಿದಾಗಿನ ಬಣ್ಣ; ಆದ್ದರಿಂದ ಅದರ ಸಂತತಿ 1:2:1ರ ಪ್ರಮಾಣದಲ್ಲಿ ಒಡೆಯಲೇಬೇಕು. ಮರಿಗಳೆಲ್ಲ ನೀಲಿಯೇ ಆಗಬೇಕೆಂದರೆ ಬೇಡವೆಂದು ತೆಗೆದಿಟ್ಟ ಕಪ್ಪು ಮತ್ತು ಬಿಳಿ ಕೋಳಿಗಳನ್ನೇ ಕೂಡಿಸಬೇಕು.

ಪಟ್ಟೆಯ ಸುಳಿವು ಸಿಕ್ಕಿದ್ದು 1908ರಲ್ಲಿ, ಅಮೆರಿಕದ ಡಬ್ಲ್ಯು. ಜೆ. ಸ್ಪಿಲ್‌ಮನ್‌ಗೆ. ಪಟ್ಟೆಯ ಹುಂಜವನ್ನು ಕಪ್ಪು ಹೇಂಟೆಗೆ ಕೂಡಿಸಿದರೆ ಮರಿಗಳೆಲ್ಲಕ್ಕೂ ಪಟ್ಟೆ. ಅದಲುಬದಲು ಮಾಡಿ ಪಟ್ಟೆಯ ಹೇಂಟೆಗೆ ಕಪ್ಪು ಹುಂಜ ಕೂಡಿಸಿದರೆ ಗಂಡುಮರಿಗಳಿಗೆ ಮಾತ್ರ ಪಟ್ಟೆ, ಹೆಣ್ಣುಮರಿಗಳು ಕಪ್ಪು. ಅಂದರೆ ಹೇಂಟೆಯಲ್ಲಿ ಪಟ್ಟೆಯ ಅಂಶ ಒಂದೇ, ಅದನ್ನು ಅವಳು ಗಂಡುಮಕ್ಕಳಿಗಷ್ಟೇ ಕೊಡಬಲ್ಲಳು. ಇಂದಿನ ಮಾತಿನಲ್ಲಿ ಹುಂಜಕ್ಕೆ ಎರಡು ಝಡ್ ವರ್ಣತಂತುಗಳು, ಹೇಂಟೆಗೆ ಒಂದು ಝಡ್, ಒಂದು ಡಬ್ಲ್ಯು. ಪಟ್ಟೆಯ ವಂಶವಾಹಿ ಇರುವುದು ಝಡ್ ಮೇಲೆ. ಶುದ್ಧ ತಳಿಯ ಹುಂಜ ತಿಳಿಯಾಗುವುದು ಅದಕ್ಕೆ ಪಟ್ಟೆಯ ಅಂಶ ಇಮ್ಮಡಿ ದಕ್ಕುವುದರಿಂದ. ಲಿಂಗದೊಂದಿಗೆ ಸಾಗುವ ಗುಣಕ್ಕೆ ಪ್ರಸಿದ್ಧ ಉದಾಹರಣೆಯಾದ, ತಳಿವಿಜ್ಞಾನಿ ಮಾರ್ಗನ್‌ನ ಬಿಳಿಗಣ್ಣಿನ ನೊಣಕ್ಕಿಂತ ಎರಡು ವರ್ಷ ಮೊದಲಿನ ಈ ಕೆಲಸಕ್ಕೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಕೋಳಿಮೇವಿನ ಕೊರತೆ ಬಂತು. ಮೊಟ್ಟೆಯಿಡದ ಗಂಡುಮರಿಗಳನ್ನು ಹುಟ್ಟಿದ ದಿನವೇ ಬಣ್ಣ ನೋಡಿ ಬೇರ್ಪಡಿಸಬಹುದೆಂದು ಕೇಂಬ್ರಿಜ್‌ನ ಆರ್. ಸಿ. ಪನೆಟ್ ಸೂಚಿಸಿದರು. ರೋಡ್ ಐಲೆಂಡ್ ರೆಡ್‌ನಂಥ ಹೊಂಬಣ್ಣದ ಹುಂಜಕ್ಕೆ ಲೈಟ್ ಸಸೆಕ್ಸ್‌ನಂಥ ಬೆಳ್ಳಿಬಣ್ಣದ ಹೇಂಟೆ ಕೂಡಿಸಿದರೆ ಹೆಣ್ಣುಮರಿ ಹೊನ್ನು, ಗಂಡುಮರಿ ಬೆಳ್ಳಿ. ಆದರೆ ಈ ಗುರುತು ಒಂದೇ ಪೀಳಿಗೆಯದು. ಆ ಮರಿಗಳನ್ನೇ ಬೆಳೆಸಿ ಕೂಡಿಸಿದರೆ ಬಣ್ಣಕ್ಕೂ ಲಿಂಗಕ್ಕೂ ನಂಟು ತಪ್ಪುತ್ತದೆ. ಎರಡು ಶುದ್ಧ ತಳಿಗಳನ್ನು ಸದಾ ಸಾಕುತ್ತಿರಬೇಕು.

ಇದಕ್ಕೆ ಪರಿಹಾರ ಒದಗಿದ್ದು ಪ್ರದರ್ಶನದವರ ಆ ಹಳೆಯ ದೋಷದಿಂದಲೇ. ಒಂದು ಅಂಶಕ್ಕೂ ಎರಡು ಅಂಶಕ್ಕೂ ಇರುವ ಅಂತರ ಕಪ್ಪು ತುಪ್ಪಳದ ಮರಿಯಲ್ಲಿ ಸ್ಪಷ್ಟವಾಗದು. ಪನೆಟ್ ಮತ್ತು ಮೈಕೆಲ್ ಪೀಸ್ ಪಟ್ಟೆಯ ಅಂಶವನ್ನು ಕಂದು ತುಪ್ಪಳದ ಗೋಲ್ಡನ್ ಕ್ಯಾಂಪೈನ್ ತಳಿಯೊಳಗೆ ತಂದರು. ಅಲ್ಲಿ ಎರಡು ಅಂಶದ ಗಂಡುಮರಿ ಮಸುಕಾಯಿತು, ಒಂದೇ ಅಂಶದ ಹೆಣ್ಣುಮರಿಯ ಬಣ್ಣ ಗಾಢವಾಗಿ ಉಳಿಯಿತು. 1929ರ ಈ ಕ್ಯಾಂಬಾರ್, ಪೀಳಿಗೆಯಿಂದ ಪೀಳಿಗೆಗೆ ಮರಿಯ ಲಿಂಗವನ್ನು ಬಣ್ಣದಲ್ಲೇ ತೋರಿಸುವ ಮೊದಲ ತಳಿ. ಲೆಗ್‌ಬಾರ್ ಅದರ ಹಿಂದೆಯೇ ಬಂತು. ವಾಣಿಜ್ಯದಲ್ಲಿ ಇವು ನೆಲೆ ನಿಲ್ಲಲಿಲ್ಲ. ಮರಿಯ ಗುದದ್ವಾರ ಪರೀಕ್ಷಿಸಿ ಲಿಂಗ ಹೇಳುವ ಜಪಾನಿ ವಿಧಾನ ಯಾವ ತಳಿಗೂ ಒಗ್ಗುತ್ತಿತ್ತು. ಕಂದುಮೊಟ್ಟೆಯ ಸಂಕರ ಕೋಳಿಗಳಲ್ಲಿ ಮಾತ್ರ ಹೊನ್ನು ಬೆಳ್ಳಿಯ ಸೂತ್ರ ಇಂದಿಗೂ ನಡೆಯುತ್ತಿದೆ.

ಪಟ್ಟೆ ಏಕೆ ಮೂಡುತ್ತದೆಂಬುದಕ್ಕೆ ಉತ್ತರ ಸಿಗಲು 2010ರವರೆಗೆ ಕಾಯಬೇಕಾಯಿತು. ಸ್ವೀಡನ್ನಿನ ಉಪ್ಸಲಾದ ಲೀಫ್ ಆಂಡರ್ಸನ್ ತಂಡ ಈ ಗುಣದ ಬೇರನ್ನು ಸಿಡಿಕೆಎನ್2ಎ ಎಂಬ ವಂಶವಾಹಿಯಲ್ಲಿ ಗುರುತಿಸಿತು. ಇದು ಕೋಶ ವಿಭಜನೆಗೆ ಕಡಿವಾಣ ಹಾಕುವ, ಮನುಷ್ಯರಲ್ಲಿ ಕ್ಯಾನ್ಸರ್ ತಡೆಯುವ ವಂಶವಾಹಿ. ಅದರ ಮಾರ್ಪಾಟಿನಿಂದ ಬೆಳೆಯುವ ಗರಿಯಲ್ಲಿ ವರ್ಣಕೋಶಗಳು ಬೇಗ ಮುಗಿದುಹೋಗಿ ಬಿಳಿ ಪಟ್ಟೆ ಬೀಳುತ್ತದೆ. ಹೊಸ ಕೋಶಗಳು ಬಂದಾಗ ಮತ್ತೆ ಕಪ್ಪು. ಅದಕ್ಕೂ ಮೊದಲು, 2007ರಲ್ಲಿ, ಬೆಳ್ಳಿಬಣ್ಣದ ಕಾರಣ ಎಸ್‌ಎಲ್‌ಸಿ45ಎ2 ವಂಶವಾಹಿಯಲ್ಲಿ ಪತ್ತೆಯಾಗಿತ್ತು.

ಬಣ್ಣದಿಂದ ಗುರುತಿಸಿದ ಗಂಡುಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವುದು ಹ್ಯಾಚರಿಗಳ ವಾಡಿಕೆಯಾಯಿತು. ಈ ಚರಿತ್ರೆಯಲ್ಲಿ ಅದನ್ನು ಮರೆಮಾಚಲಾಗದು. ಜರ್ಮನಿ 2022ರಿಂದ ಅದನ್ನು ನಿಷೇಧಿಸಿದೆ. ಅಲ್ಲಿ ಬಳಕೆಗೆ ಬಂದ ವಿಧಾನಗಳಲ್ಲೊಂದು, ಮೊಟ್ಟೆಗೆ ಸುಮಾರು 13 ದಿನ ಕಾವು ಕೊಟ್ಟ ಮೇಲೆ ಚಿಪ್ಪಿನ ಮೂಲಕ ಬೆಳಕು ಹಾಯಿಸಿ ಭ್ರೂಣದ ಗರಿಯ ಬಣ್ಣವನ್ನು ಓದುತ್ತದೆ. ಎರಡು ಲಿಂಗಗಳಿಗೂ ಒಂದೇ ಬಣ್ಣವಿರುವ ಬಿಳಿ ಲೆಗ್‌ಹಾರ್ನ್ ಸಂತತಿಯಲ್ಲಿ ಅದು ನಡೆಯದು; ಕಂದುಮೊಟ್ಟೆಯ ಸಂಕರಗಳಲ್ಲಿ ನಡೆಯುತ್ತದೆ.