ತೂಬು ಮತ್ತು ತೊಟ್ಟಿ

ಕೆರೆಯನ್ನೇ ಹೆಸರಿನಲ್ಲಿ ಹೊತ್ತ ಚಿಕ್ಕರಸಿನಕೆರೆಯಲ್ಲಿ ತೂಬು ಸೋರಿದರೆ ಏನಾಗುವುದೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕಕ್ಕಸಿನ ಗೋಡೆಯ ಮೇಲಿನ ತೊಟ್ಟಿಯೂ ಒಂದು ಪುಟ್ಟ ಕೆರೆಯೇ ಎಂಬುದು ಮಾತ್ರ ನಮಗೆ ಹೊಳೆಯುವುದಿಲ್ಲ.

ಇಂಗ್ಲೆಂಡಿನಲ್ಲಿ ಅಲೆಕ್ಸಾಂಡರ್ ಕಮ್ಮಿಂಗ್ ನೀರಿನ ಕಕ್ಕಸಿಗೆ ಪೇಟೆಂಟ್ ಪಡೆದದ್ದು 1775ರಲ್ಲಿ. ತೊಟ್ಟಿಯ ತಳದ ಮುಚ್ಚಳ ಸವೆದರೆ ನೀರು ಹಗಲಿರುಳೂ ಪೋಲು. ಆದುದರಿಂದ ಮುಂದಿನ ಶತಮಾನದಲ್ಲಿ ಅಲ್ಲಿ ತಳಕ್ಕೆ ಮುಚ್ಚಳವೇ ಇಲ್ಲದ ಸೈಫನ್ ತೊಟ್ಟಿ ಬಂದಿತು. ಸರಪಳಿ ಎಳೆದಾಗಲಷ್ಟೇ ನೀರು ಕೊಳವೆಯ ಬಾಗನ್ನು ದಾಟಿ ಇಳಿಯುವುದು. ಅದನ್ನು ಕರೆದದ್ದೇ ‘ಪೋಲು ತಡೆಯುವ ತೊಟ್ಟಿ’ ಎಂದು.

ಇದೇ ತತ್ತ್ವವನ್ನು ಮೈಸೂರಿನ ಎಂಜಿನಿಯರ್ ಗಣೇಶ ಅಯ್ಯರ್ ಅವರು ಅಣೆಕಟ್ಟಿಗೆ ಹೊಂದಿಸಿದರು. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷೆಯ ನೀರು ಮಟ್ಟ ಮೀರಿದರೆ ಸೈಫನ್ ತಾನಾಗಿಯೇ ಹರಿಸುತ್ತದೆ. ಅದೇ ಶಿಂಷೆ ಮುಂದೆ ನಮ್ಮ ಮದ್ದೂರಿಗೆ ಬರುತ್ತಾಳೆ.

ಇಂದಿನ ಪ್ಲಾಸ್ಟಿಕ್ ತೊಟ್ಟಿಗಳಲ್ಲಿ ತಳದ ಮುಚ್ಚಳ ಮರಳಿ ಬಂದಿದೆ; ಅದರೊಡನೆ ಸದ್ದಿಲ್ಲದ ಸೋರಿಕೆಯೂ. ನಾನು ಮನೆಯಲ್ಲಿ ತೊಟ್ಟಿಗೆ ಒಂದಿಷ್ಟು ಬಣ್ಣ ಬೆರೆಸಿ ಕಾಯುತ್ತೇನೆ. ನೀರು ಮಟ್ಟದಲ್ಲಿದ್ದೂ ಬಣ್ಣ ಕೆಳಗಿಳಿದರೆ ತಳದ ವಾಷರು ಸವೆದಿದೆ. ನೀರು ಮಟ್ಟ ಮೀರಿ ತುಳುಕಿದರೆ ಚೆಂಡಿನ ನಲ್ಲಿ ಕೆಟ್ಟಿದೆ. ನೀರು ಕಟ್ಟಿ, ತೊಟ್ಟಿ ಬರಿದುಮಾಡಿ, ಹಳೆಯದನ್ನು ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತಂದು ಹಾಕಿದರಾಯಿತು.

ತೂಬು ಕಾಯಲು ನಮ್ಮ ಹಿರಿಯರು ಊರಿಗೊಬ್ಬ ನೀರುಗಂಟಿಯನ್ನು ಇಟ್ಟಿದ್ದರು. ಮನೆಯ ತೊಟ್ಟಿಗೆ ನೀರುಗಂಟಿ ನಾವೇ.