ಗೂಡಿನ ಮುಂದೆ ಕ್ಯಾಮೆರಾ: ಹವ್ಯಾಸಿಗಳು ನಡೆದು ಬಂದ ಹಾದಿ

ಎರಡು ವರ್ಷದ ಹಿಂದಿನ ಮಾತು. ನಮ್ಮ ಬಳಗದ ಮೂವರು ಸುದ್ದಿಯೊಂದರ ಬೆನ್ನು ಹತ್ತಿ ಒಂದು ಹಳ್ಳಿಗೆ ಹೋಗಿದ್ದೆವು. ಹೊಲದ ಬೇಲಿಯ ಲಂಟಾನ ಪೊದೆಯಲ್ಲಿ ಪಿಕಳಾರದ ಗೂಡು ಕಣ್ಣಿಗೆ ಬಿತ್ತು. ಒಳಗೆ ಇನ್ನೂ ಕಣ್ಣು ಬಿಡದ ಎರಡು ಮರಿ. ಎಲೆಗಳು ಅಡ್ಡ ಬರುತ್ತಿದ್ದವು. ಒಬ್ಬ ರೆಂಬೆ ಬಗ್ಗಿಸಿ ಹಿಡಿದ, ಇನ್ನೊಬ್ಬ ಎರಡು ಕಡ್ಡಿ ಮುರಿದ, ಮೂರನೆಯವಳು ಮೊಬೈಲ್ ಒಡ್ಡಿದಳು. ಫೋಟೊ ಚೆನ್ನಾಗಿಯೇ ಬಂತು. ಸ್ಟೇಟಸ್‌ಗೆ ಹಾಕಿದೆವು, ಮೆಚ್ಚುಗೆಯ ಸುರಿಮಳೆಯಾಯಿತು.

ಮರುದಿನ ಅದೇ ದಾರಿಯಲ್ಲಿ ಬಂದಾಗ ಗೂಡು ಖಾಲಿ. ಹತ್ತಿರದ ಮರದಲ್ಲಿ ಎರಡು ಕಾಗೆ ಕೂತಿದ್ದವು. ಹೊಲದ ಅಜ್ಜಿ ಕಳೆ ಕೀಳುವುದನ್ನು ನಿಲ್ಲಿಸಿ ಕೇಳಿದರು: "ಬಾಣಂತಿ ಕೋಣೆಗೆ ಹಿಂಗೆ ನುಗ್ತೀರೇನ್ರಪ್ಪಾ?"

ನಮ್ಮ ಹತ್ತಿರ ಉತ್ತರವಿರಲಿಲ್ಲ. ಆ ಮಾತು ಮಾತ್ರ ತಲೆಯಲ್ಲಿ ಉಳಿಯಿತು. ಕಾಡಿನ, ಹಕ್ಕಿಗಳ ಚಿತ್ರ ತೆಗೆಯುವ ಈ ಹುಚ್ಚು ಎಲ್ಲಿಂದ ಬಂತು, ನಮಗಿಂತ ಮೊದಲು ಕ್ಯಾಮೆರಾ ಹಿಡಿದವರು ಈ ಪ್ರಶ್ನೆಯನ್ನು ಎದುರಿಸಿದ್ದರೇ ಎಂದು ಹುಡುಕುತ್ತಾ ಹೋದೆವು. ಸಿಕ್ಕಿದ ಕಥೆಯನ್ನು ನಿಮ್ಮ ಮುಂದಿಡುತ್ತಿದ್ದೇವೆ.

ರೈತನ ಮಕ್ಕಳು, ಟೊಳ್ಳು ಎತ್ತು

ಕಥೆ ಶುರುವಾಗುವುದೂ ಒಂದು ಗೂಡಿನಿಂದಲೇ. ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆಯ ಹಳ್ಳಿಯೊಂದರಲ್ಲಿ ಹುಟ್ಟಿದ ರಿಚರ್ಡ್ ಮತ್ತು ಚೆರಿ ಕೀರ್ಟನ್ ಎಂಬ ಅಣ್ಣತಮ್ಮಂದಿರು ರೈತನ ಮಕ್ಕಳು. ಅಣ್ಣ ಚಿಕ್ಕವನಿದ್ದಾಗ ಹಕ್ಕಿಗೂಡಿಗಾಗಿ ಮರ ಹತ್ತಿ ಬಿದ್ದು, ಬದುಕಿಡೀ ಕುಂಟುವಂತಾಗಿತ್ತು. ಮುಂದೆ ಇಬ್ಬರೂ ಲಂಡನ್ನಿನ ಪುಸ್ತಕ ಪ್ರಕಾಶನ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿದರು. 1892ರ ಏಪ್ರಿಲ್‌ನಲ್ಲಿ ಲಂಡನ್ನಿನ ಹೊರವಲಯದಲ್ಲಿ ಥ್ರಷ್ ಎಂಬ ಹಾಡುಹಕ್ಕಿಯ ಗೂಡು ಕಂಡಿತು. ಒಳಗೆ ಮೊಟ್ಟೆಗಳಿದ್ದವು. ತಮ್ಮ ಅದರ ಫೋಟೊ ತೆಗೆದ.

ಇದರಲ್ಲಿ ಏನು ದೊಡ್ಡ ವಿಷಯ ಅನ್ನಿಸಬಹುದು. ಆಗಿನ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಹಕ್ಕಿ ಎಂದರೆ ಇಷ್ಟ ಅನ್ನುವವರು ಹೆಚ್ಚಾಗಿ ಹಕ್ಕಿಯನ್ನು ಹೊಡೆದು ಹುಲ್ಲು ತುಂಬಿ ಇಡುತ್ತಿದ್ದರು. ಇಲ್ಲವೇ ಗೂಡಿನಿಂದ ಮೊಟ್ಟೆ ಕದ್ದು ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದರು. ಗೂಡನ್ನು ಗೂಡಿನ ಜಾಗದಲ್ಲೇ ಬಿಟ್ಟು, ಬರೀ ಚಿತ್ರವನ್ನು ಮನೆಗೆ ಒಯ್ಯಬಹುದು ಎಂಬುದು ಹೊಸ ಯೋಚನೆ. 1895ರಲ್ಲಿ ಈ ಸಹೋದರರು ಗೂಡುಗಳ ಕುರಿತ ಪುಸ್ತಕವನ್ನು ಹೊರಗೆ ತೆಗೆದ ಫೋಟೊಗಳೊಂದಿಗೇ ಪ್ರಕಟಿಸಿದರು.

ಹಕ್ಕಿಯ ಹತ್ತಿರ ಹೋಗಲು ಅವರು ಪಟ್ಟ ಪಾಡು ಕೇಳಿದರೆ ನಗು ಬರುತ್ತದೆ. ಹೊಲದಲ್ಲಿ ಮೇಯುವ ದನವನ್ನು ಹಕ್ಕಿಗಳು ಲೆಕ್ಕಿಸುವುದಿಲ್ಲ ಎಂಬುದು ರೈತನ ಮಕ್ಕಳಿಗೆ ಗೊತ್ತಿತ್ತು. 1900ರ ಹೊತ್ತಿಗೆ ಅವರು ಒಂದು ಎತ್ತಿನ ಚರ್ಮದಿಂದ ಟೊಳ್ಳು ಎತ್ತನ್ನು ಮಾಡಿಸಿ, ಅದರ ಹೊಟ್ಟೆಯೊಳಗೆ ಕ್ಯಾಮೆರಾ ಸಮೇತ ನಿಲ್ಲುತ್ತಿದ್ದರು. ಒಳಗೆ ಮನುಷ್ಯನಿದ್ದಾಗಲೇ ಎತ್ತು ಮಗುಚಿಕೊಂಡದ್ದೂ ಉಂಟು.

ಬೇಟೆಯ ವಿದ್ಯೆಯೇ ಬಂಡವಾಳ

ರಾತ್ರಿ ಬ್ಯಾಟರಿ ಬಿಟ್ಟು ಮೊಲ ಹೊಡೆಯುವುದನ್ನು ನಮ್ಮ ಕಡೆಯ ಹಿರಿಯರು ಕಂಡವರೇ. ಬೆಳಕು ಕಣ್ಣಿಗೆ ಬಿದ್ದ ಪ್ರಾಣಿ ಕಕ್ಕಾಬಿಕ್ಕಿಯಾಗಿ ನಿಂತುಬಿಡುತ್ತದೆ. ಅಮೆರಿಕದಲ್ಲೂ ದೋಣಿಯ ಮುಂದೆ ದೀಪವಿಟ್ಟು ಕೆರೆಯ ದಡದ ಜಿಂಕೆ ಹೊಡೆಯುವ ಪದ್ಧತಿ ಇತ್ತು. ಜಾರ್ಜ್ ಶಿರಾಸ್ ಎಂಬ ವಕೀಲ ಹೀಗೆ ಬೇಟೆಯಾಡುತ್ತಿದ್ದವನು. ಬಂದೂಕು ಕೆಳಗಿಟ್ಟು, ಅದೇ ದೋಣಿಯಲ್ಲಿ, ಅದೇ ದೀಪದ ಹಿಂದೆ ಕ್ಯಾಮೆರಾ ಇಟ್ಟ. ಜಿಂಕೆ ದೀಪ ನೋಡುತ್ತಾ ನಿಂತಾಗ ಫ್ಲ್ಯಾಶ್ ಪುಡಿಗೆ ಕಿಡಿ ಹೊತ್ತಿಸುತ್ತಿದ್ದ. ಆ ಒಂದು ಕ್ಷಣದ ಬೆಳಕಿನಲ್ಲಿ ಚಿತ್ರ ಮೂಡುತ್ತಿತ್ತು.

1906ರ ಜುಲೈನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅವನ 74 ಚಿತ್ರಗಳನ್ನು ಒಂದೇ ಸಂಚಿಕೆಯಲ್ಲಿ ಅಚ್ಚು ಹಾಕಿತು. ಗಂಭೀರ ಪತ್ರಿಕೆಯನ್ನು ಚಿತ್ರಪುಸ್ತಕ ಮಾಡುತ್ತಿದ್ದೀರಿ ಎಂದು ಆಡಳಿತ ಮಂಡಳಿಯ ಇಬ್ಬರು ರಾಜೀನಾಮೆ ಕೊಟ್ಟರು. ಇಂದು ಆ ಪತ್ರಿಕೆಯ ಹೆಸರು ಕೇಳಿದರೆ ಎಲ್ಲರಿಗೂ ಮೊದಲು ನೆನಪಾಗುವುದು ಕಾಡುಪ್ರಾಣಿಗಳ ಚಿತ್ರಗಳೇ!

ಹುಲಿ ತನ್ನ ಫೋಟೊ ತಾನೇ ತೆಗೆದದ್ದು

ಭಾರತದಲ್ಲಿ ಈ ಕೆಲಸಕ್ಕೆ ಕೈ ಹಾಕಿದವರಲ್ಲಿ ದೊಡ್ಡ ಹೆಸರು ಎಫ್.ಡಬ್ಲ್ಯು. ಚಾಂಪಿಯನ್ ಅವರದು. ಬ್ರಿಟಿಷ್ ಕಾಲದಲ್ಲಿ ಹಿಮಾಲಯದ ತಪ್ಪಲಿನ ಕಾಡುಗಳಲ್ಲಿ ಅರಣ್ಯಾಧಿಕಾರಿಯಾಗಿದ್ದವರು. ಸುತ್ತಲಿನ ಸಾಹೇಬರು, ರಾಜರು ಎಷ್ಟು ಹುಲಿ ಹೊಡೆದೆವೆಂದು ಎಣಿಸುತ್ತಿದ್ದಾಗ ಚಾಂಪಿಯನ್‌ಗೆ ಜೀವಂತ ಹುಲಿಯ ಚಿತ್ರ ಬೇಕಿತ್ತು. ಹುಲಿ ಓಡಾಡುವ ದಾರಿಯಲ್ಲಿ ಹೆಜ್ಜೆ ಗುರುತು ನೋಡಿ, ನೆಲದ ಮೇಲೆ ಸಣ್ಣ ತಂತಿ ಎಳೆದು, ಅದನ್ನು ಕ್ಯಾಮೆರಾ ಮತ್ತು ಫ್ಲ್ಯಾಶ್‌ಗೆ ಜೋಡಿಸಿ ಬರುತ್ತಿದ್ದರು. ರಾತ್ರಿ ಹುಲಿ ತಂತಿ ತುಳಿದರೆ ಫೋಟೊ ಸಿದ್ಧ. ಆದರೆ ಮೊದಲು ತುಳಿಯುವುದು ಹುಲಿಯೇ ಆಗಬೇಕೆಂದಿಲ್ಲವಲ್ಲ! ಬೇರೆ ಯಾವುದೋ ಪ್ರಾಣಿ ಎಡವಿದರೆ ಆ ರಾತ್ರಿಯ ಶ್ರಮವೆಲ್ಲ ಅದರ ಪಾಲು.

1925ರಲ್ಲಿ ಅವರ ಹುಲಿ ಚಿತ್ರಗಳು ಲಂಡನ್ನಿನ ಪತ್ರಿಕೆಯಲ್ಲಿ ಪ್ರಕಟವಾದವು, 1927ರಲ್ಲಿ ಪುಸ್ತಕ ಬಂತು. ಬೇಟೆಗಾರ ಜಿಮ್ ಕಾರ್ಬೆಟ್ ಕ್ಯಾಮೆರಾದ ಕಡೆ ತಿರುಗಿದ್ದಕ್ಕೆ ಈ ಚಿತ್ರಗಳೂ ಒಂದು ಕಾರಣ.

ಚಾಂಪಿಯನ್ ಇನ್ನೊಂದನ್ನು ಗಮನಿಸಿದ್ದರು: ಒಂದು ಹುಲಿಯ ಪಟ್ಟೆಯಂತೆ ಇನ್ನೊಂದರ ಪಟ್ಟೆ ಇರುವುದಿಲ್ಲ. ಆ ತಿಳಿವಳಿಕೆ ನಮ್ಮ ನಾಡಿಗೂ ಬಂದು ಮುಟ್ಟಿತು. 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಡಾ. ಉಲ್ಲಾಸ ಕಾರಂತರು ಕಾಡುದಾರಿಯ ಎರಡೂ ಬದಿ ಕ್ಯಾಮೆರಾ ಕಟ್ಟಿ, ಪಟ್ಟೆ ನೋಡಿ ಹುಲಿಗಳನ್ನು ಗುರುತಿಸಿ, ಅವುಗಳ ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನ ರೂಪಿಸಿದರು. ಹುಲಿಯ ಎಡಮೈ ಪಟ್ಟೆ ಒಂದು ಥರ, ಬಲಮೈ ಪಟ್ಟೆ ಇನ್ನೊಂದು ಥರ. ಅದಕ್ಕೇ ಎರಡು ಕ್ಯಾಮೆರಾ.

ನಮ್ಮ ನಾಡಿನವರು

ಈಗ ಬಳ್ಳಾರಿ ಸೀಮೆಯ ಸಂಡೂರಿಗೆ ಬರೋಣ. 1942ರಿಂದ 1949ರವರೆಗೆ ಆ ಚಿಕ್ಕ ಸಂಸ್ಥಾನದಲ್ಲಿ ಎಂ. ಕೃಷ್ಣನ್ ಎಂಬ ತಮಿಳುನಾಡಿನವರು ಕೆಲಸಕ್ಕಿದ್ದರು. ಮುಂದೆ ಮದರಾಸಿಗೆ ಮರಳಿ, ಕಾಡಿನ ಬಗ್ಗೆ ಬರೆಯುತ್ತಾ, ಕಪ್ಪು-ಬಿಳುಪು ಚಿತ್ರ ತೆಗೆಯುತ್ತಾ ಬದುಕಿದರು. ದುಬಾರಿ ಕ್ಯಾಮೆರಾದ ಹಂಬಲವಿಲ್ಲ. ಒಂದರ ಲೆನ್ಸು, ಇನ್ನೊಂದರ ದೇಹ ಸೇರಿಸಿ ತಾವೇ ಜೋಡಿಸಿಕೊಂಡ ಭಾರೀ ಕ್ಯಾಮೆರಾಕ್ಕೆ 'ಸೂಪರ್ ಪಾಂಡೆರೋಸಾ' ಎಂದು ತಮಾಷೆಯ ಹೆಸರಿಟ್ಟಿದ್ದರು. ಅದನ್ನು ಹಿಡಿದು ಸಾಕಾನೆಯ ಮೇಲೆ ಕೂತು ಕಾಡಾನೆಗಳ ಚಿತ್ರ ತೆಗೆದರು.

ಅದೇ ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆ ಅವರ ಹೆಸರು ಹಳ್ಳಿಗಳಲ್ಲಿ ಹಲವರಿಗೆ ಗೊತ್ತು. ದೇವರಾಜ ಅರಸು ಸರ್ಕಾರದಲ್ಲಿ ಹಣಕಾಸು ಸಚಿವರು, ನಂತರ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರು. ಆ ಕೆಲಸಗಳ ನಡುವೆಯೇ ಕಾಡಿಗೆ ಹೋಗಿ ಗಂಟೆಗಟ್ಟಲೆ ಕಾಯುತ್ತಿದ್ದ ಹವ್ಯಾಸಿ ಛಾಯಾಗ್ರಾಹಕರೂ ಅವರೇ. 1983ರಲ್ಲಿ ಅವರ ಕಾಡಿನ ಚಿತ್ರಗಳ ಪುಸ್ತಕ ಬಂತು. ಬೆಂಗಳೂರಿನಲ್ಲಿ ಒ.ಸಿ. ಎಡ್ವರ್ಡ್ಸ್ ಅವರ ಬಳಿ ಪಳಗಿದ ಟಿ.ಎನ್.ಎ. ಪೆರುಮಾಳ್ ಮತ್ತು ಅವರ ಕಾಲದವರೇ ಆದ ಇ. ಹನುಮಂತರಾವ್ ಅವರಿಂದ ಒಂದು ಪರಂಪರೆಯೇ ಬೆಳೆಯಿತು. ಮೂಡಿಗೆರೆಯ ಕಾಫಿ ತೋಟದಲ್ಲಿ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಹಿಂದೆ ಅಲೆದು, 'ಕನ್ನಡನಾಡಿನ ಹಕ್ಕಿಗಳು' ಮೂಲಕ ಅವನ್ನು ಕನ್ನಡದ ಮನೆಮನೆಗೆ ತಂದರು.

ಇವರೆಲ್ಲ ಫಿಲ್ಮ್ ಕಾಲದವರು. ಒಂದು ರೋಲ್‌ನಲ್ಲಿ 36 ಚಿತ್ರ, ದೊಡ್ಡ ಫಿಲ್ಮ್ ಆದರೆ 12. ತೊಳೆದು ನೋಡುವ ತನಕ ಏನು ಬಂದಿದೆ ಎಂದು ತಿಳಿಯದು. ಪ್ರತಿ ಕ್ಲಿಕ್ಕಿಗೂ ದುಡ್ಡು. ಹಾಗಾಗಿ ನೋಡುವುದು ಹೆಚ್ಚು, ಒತ್ತುವುದು ಕಡಿಮೆ.

ಗೂಡೇ ಯಾಕೆ?

ಇಲ್ಲೊಂದು ಕಹಿ ಸತ್ಯವೂ ಇದೆ. ಆ ಕಾಲದ ಒಳ್ಳೊಳ್ಳೆಯ ಹಕ್ಕಿ ಚಿತ್ರಗಳಲ್ಲಿ ಎಷ್ಟೋ ಗೂಡಿನ ಹತ್ತಿರವೇ ತೆಗೆದವು. ಕಾರಣ ಸರಳ. ಕ್ಯಾಮೆರಾ ಭಾರ, ಫಿಲ್ಮ್ ಮಂದ, ದೂರದ್ದನ್ನು ಹತ್ತಿರ ತರುವ ಲೆನ್ಸು ಎಲ್ಲರ ಕೈಗೆ ಎಟುಕದು. ಹಕ್ಕಿ ಖಂಡಿತ ಬಂದೇ ಬರುವ ಜಾಗ ಎಂದರೆ ಅದರ ಗೂಡು.

ಬಲ್ಲವರು ಅದಕ್ಕೂ ಒಂದು ಕ್ರಮ ಇಟ್ಟುಕೊಂಡಿದ್ದರು. ಬಟ್ಟೆಯ ಮರೆಯನ್ನು ಮೊದಲು ದೂರದಲ್ಲಿ ನಿಲ್ಲಿಸಿ, ಹಕ್ಕಿ ಒಗ್ಗಿದಂತೆ ದಿನದಿನ ಸ್ವಲ್ಪ ಹತ್ತಿರ ತರುತ್ತಿದ್ದರು. ಮರೆಯೊಳಗೆ ಇಬ್ಬರು ಹೋಗಿ ಒಬ್ಬ ಹೊರಬಂದರೆ, ಎಲ್ಲರೂ ಹೋದರು ಎಂದುಕೊಂಡು ಹಕ್ಕಿ ಗೂಡಿಗೆ ಮರಳುತ್ತಿತ್ತು. ಇಷ್ಟಾದರೂ ಅಪಾಯ ತಪ್ಪುತ್ತಿರಲಿಲ್ಲ. 1937ರಲ್ಲಿ ಎರಿಕ್ ಹಾಸ್ಕಿಂಗ್ ಎಂಬ ಹೆಸರಾಂತ ಇಂಗ್ಲಿಷ್ ಛಾಯಾಗ್ರಾಹಕ ರಾತ್ರಿ ಗೂಬೆಯ ಗೂಡಿನ ಬಳಿಯ ಮರೆಗೆ ಹತ್ತುವಾಗ ಗೂಬೆ ಎರಗಿತು. ಅವನ ಎಡಗಣ್ಣು ಹೋಯಿತು.

ಗೂಬೆಗೆ ಉಗುರಿತ್ತು. ಪಿಕಳಾರಕ್ಕೆ ಏನಿದೆ? ಅದಕ್ಕಿರುವುದು ಎಲೆಯ ಮರೆ ಒಂದೇ. ಆ ಎಲೆಯನ್ನು ಸರಿಸಿದರೆ ಮರಿಗಳ ಮೇಲೆ ನೇರ ಬಿಸಿಲು ಬೀಳುತ್ತದೆ, ಕಾಗೆ-ಕೆಂಬೂತಗಳ ಕಣ್ಣೂ ಬೀಳುತ್ತದೆ. ನಾವು ಗೂಡಿನ ಮುಂದೆ ನಿಂತಷ್ಟು ಹೊತ್ತು ತಾಯಿ ಗುಟುಕು ಕೊಡಲು ಬರುವುದಿಲ್ಲ. ಇದು ಅರಿವಾಗುತ್ತಾ ಹೋದಂತೆ ಛಾಯಾಗ್ರಾಹಕರ ಲೋಕವೇ ತನ್ನ ಹಳೆಯ ಚಾಳಿಯನ್ನು ಪ್ರಶ್ನಿಸಿತು. ಇಂದು ನಮ್ಮ ದೇಶದ ಅನೇಕ ಛಾಯಾಚಿತ್ರ ಸ್ಪರ್ಧೆಗಳಲ್ಲಿ ಗೂಡಿನ ಚಿತ್ರಕ್ಕೆ ಪ್ರವೇಶವೇ ಇಲ್ಲ.

ನಮ್ಮನ್ನು ಬೆಚ್ಚಿಬೀಳಿಸಿದ್ದು ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂದರೆ ಏನು ಎಂಬ ವಿವರಣೆ ಇದೆ. ಕೊಲ್ಲುವುದು, ಹಿಡಿಯುವುದು, ಬಲೆ ಹಾಕುವುದರ ಜೊತೆಗೆ ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಮಾಡುವುದೂ ಅದರಲ್ಲಿ ಸೇರಿದೆ. ಅಂದರೆ ಅವತ್ತು ಬೇಲಿಯ ಹತ್ತಿರ ನಾವು ಬಂದೂಕಿಲ್ಲದೆಯೇ ಬೇಟೆಗೆ ನಿಂತಿದ್ದೆವು! ಶಿರಾಸ್ ಬಂದೂಕು ಬಿಟ್ಟು ಕ್ಯಾಮೆರಾ ಹಿಡಿದ. ನಾವು ಕ್ಯಾಮೆರಾವನ್ನೇ ಬಂದೂಕು ಮಾಡಿಕೊಂಡಿದ್ದೆವು.

ಈಗ ಎಲ್ಲರ ಜೇಬಿನಲ್ಲೂ

ಕೀರ್ಟನ್ ಸಹೋದರರಿಗೆ ಎತ್ತಿನ ಹೊಟ್ಟೆ ಬೇಕಾಯಿತು, ಚಾಂಪಿಯನ್‌ಗೆ ತಂತಿ ಬೇಕಾಯಿತು. ಇಂದು ಕುರಿ ಕಾಯುವ ಹುಡುಗನ ಜೇಬಿನಲ್ಲೂ ಕ್ಯಾಮೆರಾ ಇದೆ. ಇದು ಸಣ್ಣ ಬದಲಾವಣೆಯಲ್ಲ. ಮೊದಲು ಈ ಹವ್ಯಾಸ ವಕೀಲರದು, ಅಧಿಕಾರಿಗಳದು, ರಾಜಮನೆತನದವರದು ಆಗಿತ್ತು. ದಾರಿ ತೋರಿಸಿದ, ಮರೆ ಕಟ್ಟಿದ, ಹೆಜ್ಜೆ ಗುರುತು ಹಿಡಿದ ಹಳ್ಳಿಯವರ ಹೆಸರು ಚಿತ್ರದ ಕೆಳಗೆ ಬರುತ್ತಿದ್ದುದು ಅಪರೂಪ. ಈಗ ಆ ಚಿತ್ರವನ್ನು ನೀವೇ ತೆಗೆಯಬಹುದು.

ಜೊತೆಗೆ ನಿಮಗೊಂದು ಅನುಕೂಲ ಇದೆ. ಪೇಟೆಯವರು ಎರಡು ದಿನ ರಜೆ ಹಾಕಿ ಬರುತ್ತಾರೆ, ಅಷ್ಟರಲ್ಲಿ ಚಿತ್ರ ಸಿಗಲೇಬೇಕು ಎಂಬ ಆತುರ ಅವರಿಗೆ. ನೀವು ಅಲ್ಲೇ ಇರುವವರು. ಕೆರೆಗೆ ಕೊಕ್ಕರೆ ಯಾವಾಗ ಬರುತ್ತದೆ, ಗೀಜಗ ಯಾವ ಮರಕ್ಕೆ ಗೂಡು ನೇಯುತ್ತದೆ, ನವಿಲು ಯಾವ ಬದುವಿನಲ್ಲಿ ಇಳಿಯುತ್ತದೆ ಎಂಬುದು ನಿಮಗೆ ಗೊತ್ತು. ದೂರ ನಿಂತು ನಾಳೆಗೆ ಕಾಯುವ ಸಿರಿತನ ನಿಮ್ಮದು.

ನಮ್ಮ ಬಳಗ ಅಂದಿನಿಂದ ಕೆಲವು ಕಟ್ಟು ಹಾಕಿಕೊಂಡಿದೆ. ಮೊಟ್ಟೆ, ಮರಿ ಇರುವ ಗೂಡಿನ ಬಳಿ ಹೋಗುವುದಿಲ್ಲ. ಒಂದು ಎಲೆಯನ್ನೂ ಸರಿಸುವುದಿಲ್ಲ. ನಾವು ಬಂದದ್ದಕ್ಕೆ ಹಕ್ಕಿ ಕೂಗಾಡಿದರೆ ಹಿಂದೆ ಸರಿಯುತ್ತೇವೆ. ಗೂಡಿನ ಜಾಗವನ್ನು ಗುಂಪುಗಳಲ್ಲಿ ಹಂಚುವುದಿಲ್ಲ. ಅಂಥ ಚಿತ್ರವನ್ನು ಯಾರೇ ಕಳಿಸಿದರೂ ಇಲ್ಲಿ ಹಾಕುವುದಿಲ್ಲ.

ಈ ಮುಂಗಾರಿನಲ್ಲಿ ಅದೇ ಹೊಲಕ್ಕೆ ಮತ್ತೆ ಹೋಗಿದ್ದೆವು. ಬೇಲಿ ಇನ್ನಷ್ಟು ದಟ್ಟವಾಗಿ ಬೆಳೆದಿತ್ತು. ಪಿಕಳಾರವೊಂದು ಬಾಯಲ್ಲಿ ಹುಳು ಕಚ್ಚಿಕೊಂಡು ತಂತಿಯ ಮೇಲೆ ಕೂತಿತು, ಆ ಕಡೆ ಈ ಕಡೆ ನೋಡಿ ಪೊದೆಯೊಳಗೆ ಮರೆಯಾಯಿತು. ಗೂಡು ಎಲ್ಲಿದೆ ಎಂದು ನಾವು ಹುಡುಕಲಿಲ್ಲ. ಬದುವಿನ ಈಚೆಯಿಂದ ತೆಗೆದ ಚಿತ್ರದಲ್ಲಿ ಹಕ್ಕಿ ಎಳ್ಳುಕಾಳಿನಷ್ಟು ಕಾಣುತ್ತದೆ. ಅಜ್ಜಿಗೆ ಮೊಬೈಲ್ ತೋರಿಸಿದೆವು. ಕಣ್ಣು ಕಿರಿದು ಮಾಡಿ ನೋಡಿ, "ಇದ್ರಾಗೆ ಹಕ್ಕಿ ಎಲ್ಲೈತಪ್ಪಾ?" ಎಂದು ನಕ್ಕರು. ನಾವೂ ನಕ್ಕೆವು.